ಸಮಾರಿಯದವನ ಎಣ್ಣೆ, ಛತ್ರದವನ ಕೂಲಿ



ಕೋವಿಡ್ ಕಾಲದಲ್ಲಿ ತಮಿಳುನಾಡು ಸರ್ಕಾರ ನೇಮಿಸಿದ ತಾತ್ಕಾಲಿಕ ನರ್ಸ್‌ಗಳ ಕೆಲಸ 2022ರ ಡಿಸೆಂಬರ್ 31ಕ್ಕೆ ಮುಗಿಯಿತು. ಅವರು ನಮ್ಮ ಸೇಲಂನಲ್ಲೂ ಹೋರಾಟಕ್ಕೆ ಕುಳಿತರು. ಬೇರೆಯವರು ಮುಷ್ಕರ ಹೂಡಿದಾಗ ಇಂಥ ತಾತ್ಕಾಲಿಕರಿಗೇ ಬದಲಿ ಡ್ಯೂಟಿಯ ಕರೆಯೂ ಬರಬಹುದು. ಆಗ ಹೇಗೆ ಸಿದ್ಧರಾಗಬೇಕು?

ಸಂತ ಲೂಕರ ಶುಭಸಂದೇಶದ ಹತ್ತನೇ ಅಧ್ಯಾಯದ ಸಮಾರಿಯದವನನ್ನು ನೋಡಿ. ಅವನು ದಾರಿಹೋಕ, ಆದರೂ ಕೈಯಲ್ಲಿ ಎಣ್ಣೆ, ದ್ರಾಕ್ಷಾರಸ ಇದ್ದವು. ಬದಲಿಗೆ ಹೋಗುವವರೂ ಬರಿಗೈಯಲ್ಲಿ ಹೋಗಬಾರದು. ಹೊತ್ತಿಗೆ ಮುಂಚೆ ತಲುಪಿ, ಕೇಸ್ ಶೀಟ್ ಓದಿ. ಯಾರಿಗೆ ಯಾವ ಔಷಧಿ ಒಗ್ಗದು, ಆಕ್ಸಿಜನ್ ಎಲ್ಲಿದೆ ಎಂದು ಕೇಳಿ ತಿಳಿಯಿರಿ. ಕಲಿಯದ ಕೆಲಸಕ್ಕೆ ಕೈ ಹಾಕಬೇಡಿ.

ಅದೇ ಸಮಾರಿಯದವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಹೆಚ್ಚು ಖರ್ಚಾದರೆ ಮರಳುವಾಗ ತೀರಿಸುವೆನೆಂದ. ಆರೈಕೆಯನ್ನು ಪುಕ್ಕಟೆ ಕೇಳಲಿಲ್ಲ. ಆದ್ದರಿಂದ ಆಸ್ಪತ್ರೆಯ ಬಾಗಿಲಲ್ಲಿ ಕುಳಿತ ಸಹೋದರಿಯನ್ನು ಹಳಿಯಬೇಡಿ. ನೀವು ಹೋಗುವುದು ರೋಗಿಗಾಗಿ, ಅವಳನ್ನು ಸೋಲಿಸಲು ಅಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯ ಕುರಿತು ಬರೆದ ಪರಿಪತ್ರದಲ್ಲಿ ಎರಡನ್ನೂ ಹೇಳಿದ್ದಾರೆ: ನ್ಯಾಯಯುತ ಮಿತಿಯೊಳಗೆ ಮುಷ್ಕರ ಕಾರ್ಮಿಕರ ಹಕ್ಕು, ಆದರೆ ಜನರ ಅಗತ್ಯ ಸೇವೆ ನಿಲ್ಲಬಾರದು.

ಒಳಗೆ ಮಲಗಿರುವ ರೋಗಿಗಾಗಿಯೂ ಹೊರಗೆ ಕುಳಿತಿರುವ ನರ್ಸ್‌ಗಾಗಿಯೂ ಈ ವಾರ ಒಂದೇ ಪ್ರಾರ್ಥನೆ ಸಲ್ಲಿಸೋಣ. ಆಮೆನ್.