ಮುಖ ಕೊಟ್ಟವರ ಲೆಕ್ಕ

ಬೆಂಗಳೂರಿನ ಚಿತ್ರಸಂತೆಗೆ ಒಮ್ಮೆಯಾದರೂ ಹೋದವರು ಈ ಚಿತ್ರವನ್ನು ನೋಡಿಯೇ ಇರ್ತೀರಿ. ಸುಕ್ಕುಗಟ್ಟಿದ ಮುಖ, ಹಣೆ ತುಂಬ ಕುಂಕುಮ, ತಲೆ ಮೇಲೆ ಇಳಕಲ್ ಸೀರೆಯ ಸೆರಗು. ಕೆಳಗೆ ಒಂದು ಚೀಟಿ: ‘ಉತ್ತರ ಕರ್ನಾಟಕದ ಅಜ್ಜಿ’. ಪಕ್ಕದಲ್ಲಿ ಕಲಾವಿದರ ಹೆಸರು, ಫೋನ್ ನಂಬರ್, ಬೆಲೆ. ಅಜ್ಜಿಗೆ ಹೆಸರಿಲ್ಲ, ಊರೂ ಇಲ್ಲ. ಅರ್ಧ ರಾಜ್ಯವೇ ಅವಳ ಊರು.

ಅರಮನೆಗಳಲ್ಲಿ ತೂಗುಹಾಕಿರುವ ಚಿತ್ರಗಳಲ್ಲಿ ಇದು ಉಲ್ಟಾ. ಅಲ್ಲಿ ಮಹಾರಾಜರ ಹೆಸರು, ಬಿರುದು, ಪಟ್ಟಕ್ಕೆ ಬಂದ ವರ್ಷ ಎಲ್ಲ ಇರುತ್ತೆ. ಬರೆದವನು ರವಿವರ್ಮನಂಥ ದೊಡ್ಡವನಾಗಿದ್ದರೆ ಮಾತ್ರ ಅವನ ಹೆಸರೂ ಉಳಿಯುತ್ತೆ, ಇಲ್ಲದಿದ್ದರೆ ಇಲ್ಲ. ದುಡ್ಡು ಕೊಟ್ಟು ಬರೆಸಿಕೊಂಡವರಿಗೆ ಹೆಸರಿದೆ, ಪುಕ್ಕಟೆ ಕೂತವರಿಗೆ ಇಲ್ಲ. ಇಷ್ಟು ಸರಳ ಲೆಕ್ಕ ಇದು ಅಂತ ನನಗೆ ಹೊಳೆದಿದ್ದು ತೀರಾ ಈಚೆಗೆ.

‘ನಾನು ಬರೆಯೋ ಜನರೇ ನನಗೆ ಸ್ಫೂರ್ತಿ’ ಅಂತ ಭಾವಚಿತ್ರ ಬರೆಯುವ ಎಲ್ಲರೂ ಹೇಳ್ತಾರೆ. ಸುಳ್ಳು ಅಂತ ನಾನು ಅನ್ನಲ್ಲ. ಆದರೆ ಸ್ಫೂರ್ತಿ ಅನ್ನೋದು ವಿಚಿತ್ರ ವ್ಯವಹಾರ. ಕೊಟ್ಟವರಿಗೆ ಕೊಟ್ಟಿದ್ದೇ ಗೊತ್ತಿರಲ್ಲ, ತಗೊಂಡವರು ‘ಸ್ಫೂರ್ತಿ’ ಅಂದುಬಿಟ್ಟರೆ ಸಾಲ ತೀರಿದ ಹಾಗೆ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿ ತೋರಿಸಿತಲ್ಲ? ಗಲಾಟೆಯಾದ ಮೇಲೆ, ಭಾರತದ ಕುಶಲಕರ್ಮಿಗಳ ಚಪ್ಪಲಿಯಿಂದ ಸ್ಫೂರ್ತಿ ಪಡೆದದ್ದು ಅಂತ ಒಪ್ಪಿಕೊಂಡಿತು. ಅದೇ ಶಬ್ದ! ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳಿವೆ. ಅಥಣಿ, ನಿಪ್ಪಾಣಿ ಕಡೆ ಚರ್ಮ ಹದ ಮಾಡಿ, ಹೊಲಿದು, ಹೆಸರನ್ನು ಮಾತ್ರ ಕೊಲ್ಹಾಪುರಕ್ಕೆ ಬಿಟ್ಟುಕೊಟ್ಟವರಿದ್ದಾರೆ. ಹೆಸರು ಕಳಕೊಳ್ಳೋದು ಅವರಿಗೆ ಹೊಸದಲ್ಲ.

ಚಪ್ಪಲಿಯದ್ದು ಬಿಡಿ, ಮುಖದ ಮಾತಿಗೆ ಬರೋಣ. ನಿಪ್ಪಾಣಿಯಲ್ಲೇ ಒಂದು ಬೇರೆ ಥರದ ಉದಾಹರಣೆ ಇದೆ, ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. 1980ರಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ ‘ಯುಗಾಂತರ್’ ಅಂತ ಒಂದು ಚಿತ್ರ ತಂಡ ಕಟ್ಟಿದರು. ಆಗ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಹೋರಾಟಕ್ಕೆ ಇಳಿದಿದ್ದರು. ತಂಡದವರು ಅವರ ಜೊತೆ ಸುಮಾರು ನಾಲ್ಕು ತಿಂಗಳು ಕಳೆದರು. ಮೊದಲು ಕೇಳಿಸಿಕೊಂಡರು, ಆಮೇಲೆ ಕ್ಯಾಮೆರಾ. ಏನು ತೋರಿಸಬೇಕು, ಹೇಗೆ ತೋರಿಸಬೇಕು ಅನ್ನೋ ಚರ್ಚೆಯಲ್ಲಿ ಕೆಲಸದ ಹೆಂಗಸರೂ ಇದ್ದರು. ಹೊರಗಿನವರು ಕಾಣದ ಕಾರ್ಖಾನೆಯ ಒಳಗನ್ನು ತೋರಿಸಲು ಅವರೇ ಕರೆದರು. ಹೀಗೆ 1982ರಲ್ಲಿ ಬಂದಿದ್ದು ‘ತಂಬಾಕು ಚಾಕಿಲಾ ಊಬ ಆಲಿ’, ಮರಾಠಿ ಹೆಸರಿನ, ಅರ್ಧ ಗಂಟೆಯೂ ಇಲ್ಲದ ಚಿತ್ರ. ಈಗ ಬರ್ಲಿನ್‌ನ ಆರ್ಸೆನಲ್ ಸಂಸ್ಥೆ ಅದನ್ನು ಡಿಜಿಟಲ್ ರೂಪಕ್ಕೆ ತಂದಿದೆ.

ಅದು ಕುಂಚದ ಭಾವಚಿತ್ರ ಅಲ್ಲ, ನಿಜ. ಆದರೂ ಭಾವಚಿತ್ರವೇ. ನನಗೆ ಮುಖ್ಯ ಅನಿಸಿದ್ದು ಇಷ್ಟು: ತಮ್ಮ ಮುಖ ಯಾವ ಕೆಲಸಕ್ಕೆ ಬಳಕೆಯಾಗ್ತಿದೆ ಅಂತ ಆ ಹೆಂಗಸರಿಗೆ ಗೊತ್ತಿತ್ತು. ಅದು ಅವರ ಕೆಲಸವೂ ಆಗಿತ್ತು.

ಇದನ್ನೆಲ್ಲ ನಾನು ಯೋಚಿಸೋಕೆ ಶುರುಮಾಡಿದ್ದು ಒಬ್ಬ ಗೆಳತಿಯಿಂದ. ಚಿಕ್ಕೋಡಿಯವಳು, ವಾರವೆಲ್ಲ ಬೆಂಗಳೂರಲ್ಲಿ ಡಿಸೈನ್ ಕೆಲಸ, ಊರಿಗೆ ಹೋದಾಗ ಜನರ ಚಿತ್ರ ಬರೀತಾಳೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಒಬ್ಬ ಆಯಿಯನ್ನು ‘ಒಂದ್ ತಾಸು ಸುಮ್ನ ಕೂಡ್ರತೀರೇನು’ ಅಂತ ಕೇಳಿದಳಂತೆ. ಆಯಿ ತಲೆ ಎತ್ತದೆ, ‘ನಾ ಸುಮ್ನ ಕುಂತ್ರ ನನ್ನ ಬೀಡಿ ನೀ ಕಟ್ತೀಯೇನವಾ?’ ಅಂದಳು. ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ತಾಸಿಗಿಷ್ಟು ಅಂತ ಸಂಬಳ ಎಣಿಸುವ ನಮಗೆ ಈ ಲೆಕ್ಕ ಸರಿಯಾಗಿ ಅರ್ಥ ಆಗಬೇಕು: ಕೈ ನಿಂತರೆ ಕೂಲಿ ನಿಂತಿತು. ಕೊನೆಗೆ ಆಯಿಯೇ ದಾರಿ ತೋರಿಸಿದಳು: ‘ನೀ ನಿನ್ನ ಕೆಲಸ ಮಾಡ, ನಾ ನಂದು ಮಾಡ್ತೀನಿ.’ ಹಾಗಾಗಿ ಆ ಚಿತ್ರದಲ್ಲಿ ಆಯಿ ನಮ್ಮನ್ನು ನೋಡಲ್ಲ, ಮೊರದ ಕಡೆ ನೋಡ್ತಾಳೆ.

ಗೆಳತಿ ದುಡ್ಡೂ ಕೊಟ್ಟಳು. ಇದನ್ನು ಕೇಳಿದ ಒಬ್ಬರು, ದುಡ್ಡು ಕೊಟ್ಟರೆ ಸಂಬಂಧ ಕೆಡುತ್ತೆ, ಸಹಜತೆ ಹೋಗುತ್ತೆ ಅಂದರು. ನನಗೆ ಹಾಗನಿಸಲ್ಲ. ಚಿತ್ರ ಮಾರಾಟ ಆಗುವಾಗ ಕೆಡದ ಸಹಜತೆ ಆಯಿಗೆ ಕೊಟ್ಟಾಗ ಮಾತ್ರ ಯಾಕೆ ಕೆಡಬೇಕು?

ಹಾಗಂತ ದುಡ್ಡು ಕೊಟ್ಟು ಮುಗಿಸಬಹುದಾದ ವಿಷಯವೂ ಅಲ್ಲ ಇದು. 1936ರಲ್ಲಿ ಡೊರೋತಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಬದಿಯ ಬಿಡಾರದಲ್ಲಿ ಒಬ್ಬ ತಾಯಿಯ ಫೋಟೋ ತೆಗೆದಳು. ಹೆಸರು ಕೇಳಲಿಲ್ಲ. ‘ವಲಸೆ ತಾಯಿ’ ಅಂತ ಆ ಫೋಟೋ ಲೋಕಪ್ರಸಿದ್ಧವಾಯ್ತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ, 42 ವರ್ಷದ ಮೇಲೆ. ತನಗೆ ಅದರಿಂದ ಏನೂ ಸಿಗಲಿಲ್ಲ ಅನ್ನೋ ಬೇಸರ ಆಕೆಗಿತ್ತು. ಲ್ಯಾಂಗ್ ಕೂಡ ಅದರಿಂದ ರಾಯಲ್ಟಿ ಪಡೆಯಲಿಲ್ಲ. ಅವಳದು ಸರ್ಕಾರಿ ಕೆಲಸ, ಫೋಟೋ ಸರ್ಕಾರದ್ದು. ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಆಹಾರವೂ ಬಂತು, ಆದರೆ ಅಷ್ಟರಲ್ಲಿ ಥಾಂಪ್ಸನ್ ಸಂಸಾರ ಬೇರೆ ಕಡೆ ಹೋಗಿತ್ತು. ಇಲ್ಲಿ ಯಾರನ್ನು ಬೈಯೋದು? ಕೇಳದೇ ತೆಗೆದದ್ದೆಲ್ಲ ಕಳ್ಳತನ ಅಂದರೆ, ರೈಲಿನಲ್ಲಿ ಎದುರು ಕೂತವರನ್ನು ಪುಸ್ತಕದಲ್ಲಿ ಗೀಚಿಕೊಳ್ಳುವ ಹುಡುಗಿಯೂ ಕಳ್ಳಿ ಆಗ್ತಾಳೆ. ಅಷ್ಟು ದೂರ ಹೋಗೋಕೆ ನಾನು ತಯಾರಿಲ್ಲ. ಗೀಚಿಕೊಳ್ಳಲಿ. ಆದರೆ ಅದನ್ನು ಗೋಡೆಗೆ ಹಾಕಿ ಬೆಲೆ ಬರೆಯುವ ದಿನ, ಮುಖ ಕೊಟ್ಟವರನ್ನು ಒಮ್ಮೆ ಹುಡುಕಿ ನೋಡೋದು ಅಂಥ ಕಷ್ಟವೇನಲ್ಲ.

ಇನ್ನೊಂದು ತೊಡಕು ನಾನು ಊಹಿಸಿಯೇ ಇರಲಿಲ್ಲ. ಚಿತ್ರ ನೋಡಿದ ಆಯಿ, ‘ನತ್ತು ಎಲ್ಲಿ?’ ಅಂದಳಂತೆ. ಆಯಿಯ ಮೂಗಿನಲ್ಲಿ ನತ್ತು ಇರಲಿಲ್ಲ. ಇತ್ತು, ಮಗಳ ಮದುವೆಯಲ್ಲಿ ಮಾರಿದ್ದಳು. ಚಿತ್ರದಲ್ಲಿ ಅದು ಬೇಕು ಅಂದಳು.

ನಮ್ಮ ಕಡೆ ಇದೇನು ದೊಡ್ಡ ಬೇಡಿಕೆ ಅಲ್ಲ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ಯಾರ ಪಡಸಾಲೆಗೆ ಹೋದರೂ ಗೋಡೆ ಮೇಲೆ ತೀರಿಕೊಂಡ ಹಿರಿಯರ ಫೋಟೋ ಇರುತ್ತೆ. ಜೀವಮಾನದಲ್ಲಿ ಕೋಟು ಮುಟ್ಟದ ಅಜ್ಜ ಅದರಲ್ಲಿ ಕೋಟು ಹಾಕಿರ್ತಾನೆ. ಜೊತೆಗೆ ಒಂದೂ ಫೋಟೋ ತೆಗೆಸಿಕೊಳ್ಳದ ಗಂಡ ಹೆಂಡತಿ ಪಕ್ಕಪಕ್ಕ ಕೂತಿರ್ತಾರೆ. ಸ್ಟುಡಿಯೋದವರು ಎರಡು ಫೋಟೋ ಸೇರಿಸಿ ಮಾಡಿಕೊಟ್ಟದ್ದು. ಅದನ್ನು ಸುಳ್ಳು ಅಂತ ಮನೆಯವರು ಯಾರೂ ಅನ್ನಲ್ಲ. ಕಲಾಶಾಲೆಯಲ್ಲಿ ಕಲಿತ ನನ್ನ ಗೆಳತಿಗೆ ಮಾತ್ರ ಕೈ ನಡುಗಿತು. ಕಂಡದ್ದನ್ನು ಬರೀಬೇಕು, ಇಲ್ಲದ್ದನ್ನು ಸೇರಿಸೋದು ಮೋಸ ಅಂತ ಅವಳಿಗೆ ಪಾಠ. ಆದರೆ ನತ್ತಿಲ್ಲದ ಮೂಗು ಯಾರ ಸತ್ಯ? ಬರೆಯುವವಳಿಗೆ ಕಂಡ ಒಂದು ಮಧ್ಯಾಹ್ನದ ಸತ್ಯ. ಆಯಿಯ ಪ್ರಕಾರ ಅವಳು ನತ್ತು ಹಾಕಿದ ಹೆಂಗಸು, ಸದ್ಯಕ್ಕೆ ಹಾಕಿಲ್ಲ ಅಷ್ಟೆ.

ಗೆಳತಿ ನತ್ತು ಹಾಕಿದ ಇನ್ನೊಂದು ಚಿತ್ರ ಬರೆದು ಆಯಿಗೆ ಕೊಟ್ಟಳು. ಹಿಂಬದಿಯಲ್ಲಿ ಹೆಸರನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬರೆದಳು. ಮೊಮ್ಮಗ ಓದೋದು ಕನ್ನಡ ಶಾಲೆ, ಎರಡೂ ಇರಲಿ ಅಂತ ಆಯಿಯೇ ಹೇಳಿದ್ದಂತೆ. ಮೊದಲಿನದು ಬೆಂಗಳೂರಿನ ರೂಮಿನಲ್ಲಿದೆ. ಈಚೆಗೆ ಒಬ್ಬರು ಅದನ್ನು ಕೊಳ್ತೀನಿ ಅಂದಿದ್ದಾರೆ. ಒಳ್ಳೇ ಬೆಲೆ. ನೀನಾದ್ರೆ ಏನ್ ಮಾಡ್ತಿದ್ದೆ ಅಂತ ಕೇಳಿದಳು. ನನ್ನನ್ನು ಕೇಳಬೇಡ, ನಿಪ್ಪಾಣಿಗೆ ಹೋಗಿ ಕೇಳು ಅಂದೆ. ಮುಂದಿನ ಶನಿವಾರ ಹೋಗ್ತಾಳಂತೆ.