ಶಿಬಿರದಲ್ಲಿ ಅಕ್ಷರ: ಸೈನಿಕನಿಗೆ ನೀಡುವ ಜ್ಞಾನದಾನದ ವಿಚಾರ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ದಾನಚತುಷ್ಟಯವು ಶ್ರಾವಕನ ಕರ್ತವ್ಯವೆಂಬುದು ಸರ್ವವಿದಿತ. ಇವುಗಳಲ್ಲಿ ಮೊದಲ ಮೂರು ದಾನಗಳ ಫಲ ಕಣ್ಣಿಗೆ ಕಾಣುತ್ತದೆ. ಹಸಿದವನು ಉಂಡನೇ, ರೋಗಿಯು ಗುಣ ಹೊಂದಿದನೇ, ಅಂಜಿದವನಿಗೆ ಆಶ್ರಯ ದೊರೆಯಿತೇ ಎಂಬುದನ್ನು ಅಂದೇ ತಿಳಿಯಬಹುದು. ಶಾಸ್ತ್ರದಾನದ ಫಲ ಮಾತ್ರ ಹಾಗೆ ಕಾಣದು. ಕೊಟ್ಟ ಅರಿವು ಯಾವ ಕೈಯಲ್ಲಿ ಏನಾಗುವುದೆಂದು ಕೊಟ್ಟವನು ಮುಂದಾಗಿ ಬಲ್ಲವನಲ್ಲ. ಹೀಗಿರುವಾಗ, ಯುದ್ಧಕಾಲದ ತರಬೇತಿ ಶಿಬಿರದಲ್ಲಿ ಕೋವಿ ಹಿಡಿಯಲು ಕಲಿಯುತ್ತಿರುವವನಿಗೆ ಅಕ್ಷರ ಕಲಿಸುವುದು ದಾನವೋ, ಹಿಂಸೆಗೆ ನೆರವೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ, ಚಹಾ ಮತ್ತು ಕಾಫಿಯ ತೋಟಗಳ ನಡುವೆ ಇರುವ ಸಂಸೆಯಂತಹ ಊರಿನ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ಗಿಡಕ್ಕೆ ಔಷಧ ಸಿಂಪಡಿಸುವಾಗಲೂ ಅವನ ಮನಸ್ಸು ಅಳುಕುತ್ತದೆ. ಸೈನಿಕರ ಓದಿಗೆಂದು ಪುಸ್ತಕಗಳನ್ನೋ ಹಣವನ್ನೋ ನೀಡಬೇಕೆಂದು ಅವನ ಬಸದಿಯ ಟ್ರಸ್ಟಿಗೆ ಕೋರಿಕೆ ಬಂದರೆ ಅವನು ಏನು ಹೇಳಬೇಕು? ದೇಶಭಕ್ತಿಯ ಮಾತಿನಿಂದ ಕೂಡಲೇ ಒಪ್ಪಿಬಿಡುವುದು ಸುಲಭ. ಅಹಿಂಸೆಯ ಹೆಸರು ಹೇಳಿ ಕೂಡಲೇ ನಿರಾಕರಿಸುವುದೂ ಸುಲಭ. ವಿಚಾರ ಮಾಡುವುದು ಮಾತ್ರ ಕಷ್ಟ.

ಮೊದಲಿಗೆ, ಇಂತಹ ಶಿಬಿರಗಳಲ್ಲಿ ನಿಜವಾಗಿ ಏನನ್ನು ಕಲಿಸಲಾಗುತ್ತಿತ್ತು ಎಂಬುದನ್ನು ನೋಡಬೇಕು. 1914ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸೈನಿಕರಲ್ಲಿ ಬಹುಪಾಲು ಜನ ನಿರಕ್ಷರಿಗಳಾಗಿದ್ದರು. ಮನೆಗೆ ಕಾಗದ ಬರೆಯಬೇಕಾದರೆ ಬಲ್ಲವನೊಬ್ಬನ ಮುಂದೆ ಕುಳಿತು ಹೇಳಿ ಬರೆಸಬೇಕು. ಮಡದಿಗೆ ಹೇಳುವ ಗುಟ್ಟಿನ ಮಾತೂ ಮೂರನೆಯವನ ಕಿವಿಗೆ ಬೀಳಬೇಕು. ಅಲ್ಲಿಯ ಹಳ್ಳಿಗಳಲ್ಲಿ ರೈತರೂ ಹೆಂಗಸರೂ ಓದುಬರಹ ಬಲ್ಲವರಾಗಿದ್ದುದನ್ನು ಕಂಡ ಕೆಲವರು, ತಮ್ಮ ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿರೆಂದು ಊರಿಗೆ ಬರೆಯಿಸಿದರು. ಸರ್ಕಾರದ ಪರಿಶೀಲಕರು ತೆಗೆದಿಟ್ಟ ಆ ಕಾಗದಗಳ ಭಾಗಗಳು ಇಂದಿಗೂ ಉಳಿದಿವೆ.

ಆ ಯುದ್ಧ ಮುಗಿದ ಮೇಲೆ, 1921ರಲ್ಲಿ, ಭಾರತದ ಸೈನ್ಯದಲ್ಲಿ ಶಿಕ್ಷಣಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ರೂಪುಗೊಂಡಿತು. ಸೈನ್ಯದ ಶಿಕ್ಷಕರನ್ನು ತಯಾರಿಸುವ ಶಾಲೆ ಮೊದಲು ನಡೆದದ್ದು ಕನ್ನಡ ನೆಲದ ಬೆಳಗಾವಿಯಲ್ಲಿ; ಮುಂದೆ ಅದು ಪಚ್‌ಮಢಿಗೆ ಸ್ಥಳಾಂತರಗೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯ ಸೈನ್ಯವು ಸುಮಾರು 25 ಲಕ್ಷ ಜನರಷ್ಟು ಬೆಳೆಯಿತು. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ದಳದ ಕೇಂದ್ರವೂ ಬೆಳಗಾವಿಯಲ್ಲಿ ಮರಾಠಾ ಪದಾತಿದಳದ ಕೇಂದ್ರವೂ ಹೊಸಬರಿಂದ ತುಂಬಿದವು. ಆ ಕಾಲದ ಸೈನ್ಯದಲ್ಲಿ ಹಿಂದೂಸ್ತಾನಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಕಲಿಸುತ್ತಿದ್ದರು. ಓದುಬರಹ, ಲೆಕ್ಕ, ನಕಾಶೆ ನೋಡುವುದು ಇವು ಪಾಠಗಳಾಗಿದ್ದವು. ಪಾಸು ಮಾಡಿದವನಿಗೆ ದರ್ಜೆವಾರು ಪ್ರಮಾಣಪತ್ರ ದೊರೆಯುತ್ತಿತ್ತು. ಬಡ್ತಿಗೆ ಅದು ಬೇಕಾಗುತ್ತಿತ್ತು.

ಇಲ್ಲಿ ಒಂದು ಸತ್ಯವನ್ನು ಮರೆಮಾಚಬಾರದು. ಸೈನ್ಯವು ಈ ತರಗತಿಗಳನ್ನು ನಡೆಸಿದ್ದು ಕೇವಲ ಕರುಣೆಯಿಂದಲ್ಲ. ಆಜ್ಞೆಯನ್ನು ಓದಬಲ್ಲ, ಯಂತ್ರವನ್ನು ನಡೆಸಬಲ್ಲ, ನಕಾಶೆಯನ್ನು ಅರಿಯಬಲ್ಲ ಸೈನಿಕನು ಹೆಚ್ಚು ಸಮರ್ಥನಾಗುತ್ತಾನೆ. ಯುದ್ಧದಲ್ಲಿ ಸಾಮರ್ಥ್ಯವೆಂದರೆ ಕೊಲ್ಲುವ ಸಾಮರ್ಥ್ಯವೂ ಹೌದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಬಗೆಯ ಅನರ್ಥದಂಡಗಳಲ್ಲಿ ಪಾಪೋಪದೇಶವೂ ಹಿಂಸಾದಾನವೂ ಸೇರಿವೆ. ಕತ್ತಿ, ಕೊಡಲಿ, ವಿಷ ಮೊದಲಾದುವನ್ನು ಪರರಿಗೆ ಕೊಡುವುದು ಹಿಂಸಾದಾನವಾದರೆ, ಅವುಗಳನ್ನು ಬಳಸುವ ಕೈಯನ್ನು ಚುರುಕುಗೊಳಿಸುವ ಪಾಠವು ಏನೆನಿಸಬೇಕು? ಆಕ್ಷೇಪಣೆ ಹಗುರವಾದುದಲ್ಲ.

ಇದಕ್ಕೆ ಉತ್ತರವನ್ನು ಅರಸುವಾಗ ಗೃಹಸ್ಥಧರ್ಮದ ಒಂದು ವಿವೇಕವನ್ನು ನೆನೆಯಬೇಕು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಲಾಗಿದೆ. ಅಣುವ್ರತಿಯಾದ ಶ್ರಾವಕನು ಪೂರ್ಣವಾಗಿ ತೊರೆಯಬೇಕಾದುದು ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು. ಅಡುಗೆಮನೆಯಲ್ಲಿ, ಹೊಲದಲ್ಲಿ, ಆಕ್ರಮಣದ ಎದುರಿನಲ್ಲಿ ನಡೆಯುವ ಹಿಂಸೆಯನ್ನು ಅವನು ಮಿತಗೊಳಿಸಬೇಕೇ ಹೊರತು ಪೂರ್ಣವಾಗಿ ಬಿಡಲಾರನು. ಆದರೆ ಇದು ರಿಯಾಯಿತಿಯೇ ವಿನಾ ಪುಣ್ಯವಲ್ಲ. ವ್ಯಾಪಾರಿಯು ಅನಿವಾರ್ಯವಾದ ಖರ್ಚನ್ನು ಖರ್ಚಿನ ಕಡೆಗೇ ಬರೆಯುತ್ತಾನೆ. ಅನಿವಾರ್ಯವಾಯಿತೆಂದು ಅದನ್ನು ಜಮೆಯ ಕಡೆಗೆ ಬರೆದರೆ ಲೆಕ್ಕ ಸುಳ್ಳಾಗುತ್ತದೆ.

ಜೈನ ಇತಿಹಾಸವೂ ಈ ಪ್ರಶ್ನೆಗೆ ಅಪರಿಚಿತವಲ್ಲ. ಕಳಸ-ಕಾರ್ಕಳದ ಸೀಮೆಯನ್ನು ಆಳಿದ ಭೈರರಸರು ಜೈನರು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನು ಅದೇ ವಂಶದವನು. ಬೆಳಗಾವಿಯ ಕೋಟೆಯೊಳಗೆ, 1204ರಲ್ಲಿ ರಟ್ಟರ ಮಂತ್ರಿ ಬೀಚಿರಾಜನು ಕಟ್ಟಿಸಿದ ಕಮಲ ಬಸದಿ ಇಂದಿಗೂ ನಿಂತಿದೆ. ಇವೆಲ್ಲಕ್ಕಿಂತ ಮುಖ್ಯವಾದ ನಿದರ್ಶನ ಚಾವುಂಡರಾಯನದು. ಗಂಗರ ದಂಡನಾಯಕನಾಗಿದ್ದ ಅವನು ರಣರಂಗವನ್ನು ಕಂಡವನು. ಅಂತಹವನಿಗೆ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗುರುವಾದರು. ಅವನಿಗಾಗಿಯೇ ಗೊಮ್ಮಟಸಾರವನ್ನು ರಚಿಸಿದರೆಂದು ಪರಂಪರೆ ಹೇಳುತ್ತದೆ. ಸರ್ವಸಂಗ ಪರಿತ್ಯಾಗಿಗಳಾದ ಆ ಮುನಿಗಳು, ಮೊದಲು ಕತ್ತಿಯನ್ನು ಕೆಳಗಿಟ್ಟು ಬಾ, ಅನಂತರ ಪಾಠವೆಂದು ಹೇಳಲಿಲ್ಲ.

ಈ ನಿದರ್ಶನದಿಂದ ಎರಡು ಮಾತು ಸಿದ್ಧವಾಗುತ್ತವೆ. ಕಲಿಯುವವನು ಯೋಧನೆಂಬ ಕಾರಣಕ್ಕೆ ಅವನು ಜ್ಞಾನದಾನಕ್ಕೆ ಅಪಾತ್ರನಲ್ಲ ಎಂಬುದು ಮೊದಲನೆಯದು. ಕಲಿಸಿದ್ದು ಏನು ಎಂಬುದನ್ನು ಕೇಳದೆ ತೀರ್ಪು ಕೊಡಲಾಗದು ಎಂಬುದು ಎರಡನೆಯದು. ಆಚಾರ್ಯರು ಕಲಿಸಿದ್ದು ವ್ಯೂಹರಚನೆಯನ್ನಲ್ಲ, ಜೀವ ಮತ್ತು ಕರ್ಮಗಳ ಸ್ವರೂಪವನ್ನು. 978ರಲ್ಲಿ ಚಾವುಂಡರಾಯ ಪುರಾಣವನ್ನು ಬರೆದದ್ದೂ, ಶ್ರವಣಬೆಳಗೊಳದಲ್ಲಿ ಎಲ್ಲವನ್ನೂ ತೊರೆದು ನಿಂತ ವೀರನ ವಿಗ್ರಹವನ್ನು ಮಾಡಿಸಿದ್ದೂ ಆ ದಂಡನಾಯಕನೇ.

ಹಾಗಾದರೆ ಶಿಬಿರದ ಪಾಠವನ್ನು ಅಳೆಯುವ ಬಗೆ ಹೇಗೆ? ಮೂರು ಪ್ರಶ್ನೆಗಳು ಸಾಕು. ಸಮವಸ್ತ್ರವನ್ನು ಕಳಚಿದ ಮೇಲೂ ಆ ಪಾಠ ಅವನಲ್ಲಿ ಉಳಿಯುವುದೇ? ಓದುಬರಹವೂ ಲೆಕ್ಕವೂ ಉಳಿಯುತ್ತವೆ. ಹೆಬ್ಬೆಟ್ಟು ಒತ್ತುತ್ತಿದ್ದವನು ಸಂಬಳದ ಪಟ್ಟಿಯನ್ನು ತಾನೇ ಓದಿ ಸಹಿ ಮಾಡುತ್ತಾನೆ. ಸಾಲದ ಪತ್ರದಲ್ಲಿ ಮೋಸ ಹೋಗುವುದಿಲ್ಲ. ಆ ಪಾಠವು ದ್ವೇಷವನ್ನು ಬೋಧಿಸುವುದೇ? ಎದುರಾಳಿಯನ್ನು ಮನುಷ್ಯನಲ್ಲವೆಂದು ಹೇಳಿಕೊಡುವ ಪಾಠಕ್ಕೆ ಎಷ್ಟು ಸುಂದರ ಪುಸ್ತಕವಿದ್ದರೂ ಅದು ಪಾಪೋಪದೇಶವೇ. ಕಡೆಯದಾಗಿ, ಕಲಿತವನಿಗೆ ಪ್ರಶ್ನಿಸುವ ಅವಕಾಶ ಉಂಟೇ?

ಮೂರನೆಯ ಪ್ರಶ್ನೆಗೆ ಇಂಗ್ಲೆಂಡಿನ ಉದಾಹರಣೆ ಬೆಳಕು ನೀಡುತ್ತದೆ. ಅಲ್ಲಿಯ ಸೈನ್ಯವು 1941ರಲ್ಲಿ ಪ್ರಚಲಿತ ವಿಷಯಗಳ ಚರ್ಚೆಗೆಂದು ಒಂದು ವಿಭಾಗವನ್ನು ತೆರೆದು, ಕಿರುಹೊತ್ತಗೆಗಳನ್ನು ಹಂಚಿತು. ಸೈನಿಕರ ಮನೋಬಲವನ್ನು ಹೆಚ್ಚಿಸುವುದು ಉದ್ದೇಶ. ಆದರೆ 1942ರ ಡಿಸೆಂಬರಿನಲ್ಲಿ, ಬಡತನ ನಿವಾರಣೆಯ ಸಾಮಾಜಿಕ ವಿಮೆಯನ್ನು ಸೂಚಿಸಿದ ಬೆವರಿಜ್ ವರದಿಯ ಕುರಿತು ಹೊತ್ತಗೆ ಹೊರಟಾಗ, ಸರ್ಕಾರವೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಕಲಿಸಲು ಹೊರಟವರಿಗೇ ಕಲಿಕೆಯ ಭಯವುಂಟಾಯಿತು. ಆಯುಧವು ಹಿಡಿದವನ ಇಚ್ಛೆಯನ್ನು ಮೀರದು. ಅರಿವಾದರೋ ಕೊಟ್ಟವನ ಇಚ್ಛೆಯನ್ನೂ ಮೀರಿ ನಡೆಯುತ್ತದೆ. ಶಸ್ತ್ರಕ್ಕೂ ಶಾಸ್ತ್ರಕ್ಕೂ ಇರುವ ಅಂತರ ಇದೇ. ಕತ್ತಿಯು ತನ್ನನ್ನು ಹಿಡಿದವನನ್ನು ಏಕೆಂದು ಕೇಳಲಾರದು. ಅಕ್ಷರ ಬಲ್ಲವನು ಕೇಳಬಲ್ಲನು.

ಆದ್ದರಿಂದ ಸಂಸೆಯ ಆ ಶ್ರಾವಕನು ಕೋರಿಕೆಯನ್ನು ಒಪ್ಪಬಹುದು. ಆದರೆ ಕಣ್ಣು ಮುಚ್ಚಿ ಒಪ್ಪಬಾರದು. ಕಾಗುಣಿತದ ಪುಸ್ತಕ, ಗಣಿತ, ಆರೋಗ್ಯ, ಕೃಷಿ, ನೀತಿಯ ಗ್ರಂಥಗಳು ಇವನ್ನು ಅವನು ಕೊಡಲಿ. ಕೊಲ್ಲುವುದಕ್ಕಲ್ಲದೆ ಬೇರೆ ಉಪಯೋಗವಿಲ್ಲದ ಪಾಠಕ್ಕೂ ದ್ವೇಷದ ಪಾಠಕ್ಕೂ ಬಸದಿಯ ಹಣ ಸಲ್ಲದು. ಅನೇಕಾಂತವೆಂದರೆ ಎಲ್ಲಕ್ಕೂ ಹೌದೆನ್ನುವ ಜಾಣತನವಲ್ಲ. ಯಾವ ದೃಷ್ಟಿಯಿಂದ ಹೌದು, ಯಾವ ದೃಷ್ಟಿಯಿಂದ ಅಲ್ಲ ಎಂದು ಬಿಡಿಸಿ ಹೇಳುವ ಹೊಣೆ.

ಇಷ್ಟಾದರೂ ಲೆಕ್ಕದಲ್ಲಿ ಒಂದು ಬಾಕಿ ಉಳಿಯುತ್ತದೆ. ತಾನು ಕೊಟ್ಟ ಪುಸ್ತಕದಿಂದ ಓದು ಕಲಿತವನು ಆ ಓದಿನ ಬಲದಿಂದಲೇ ಒಂದು ದಿನ ಯಾರದೋ ಪ್ರಾಣವನ್ನು ತೆಗೆದಿರಬಹುದು. ಅದು ದಾನಿಯ ಸಂಕಲ್ಪವಲ್ಲವೆಂಬುದು ನಿಜ. ಅದಕ್ಕೂ ತನಗೂ ಸಂಬಂಧವೇ ಇಲ್ಲವೆಂದು ಅವನು ಹೇಳುವಂತಿಲ್ಲ. ಅದರ ಸ್ಥಾನ ಪ್ರತಿಕ್ರಮಣದಲ್ಲಿದೆ.

ಮತ್ತೊಂದು ಮಾತನ್ನು ಟ್ರಸ್ಟುಗಳು ಯೋಚಿಸಬೇಕಾಗಿದೆ. ಒಬ್ಬ ತರುಣನು ಮೊದಲ ಅಕ್ಷರವನ್ನು ಕಲಿಯಲು ಯುದ್ಧವೇ ಬರಬೇಕಾಯಿತೆಂದರೆ, ಅದು ಶಿಬಿರದ ಹಿರಿಮೆಗಿಂತ ಅವನ ಊರಿನ ಕೊರತೆಯನ್ನೇ ಹೇಳುತ್ತದೆ. ಶಾಂತಿಕಾಲದಲ್ಲಿ ಆ ತರುಣನ ಊರಿನವರು ಕೊಡದೇ ಹೋದ ದಾನವನ್ನು ಯುದ್ಧಕಾಲದಲ್ಲಿ ಸೈನ್ಯವು ತನ್ನ ಬೆಲೆಗೆ ಕೊಟ್ಟಿತು. ತೋಟದ ಕೂಲಿಯ ಮಗನು ಕೋವಿಯನ್ನು ಹಿಡಿಯುವ ವಯಸ್ಸಿಗೆ ಮೊದಲೇ ಬಳಪವನ್ನು ಹಿಡಿಯುವಂತೆ ಮಾಡುವುದೇ ಶಾಸ್ತ್ರದಾನದ ಸರಿಯಾದ ಕಾಲ. ಆ ದಾನದಲ್ಲಿ ಇಂತಹ ಬಾಕಿ ಉಳಿಯುವುದಿಲ್ಲ.