ಇಲ್ಲ, ಅಲ್ಲ, ಬಯಲು

ಸದ್ಭಕ್ತರೆ, ದಿನಕ್ಕೆ ಎಷ್ಟು ಬಾರಿ ‘ಇಲ್ಲ’ವೆನ್ನುತ್ತೇವೆಂಬುದನ್ನು ಎಣಿಸಿ ನೋಡಿದವರುಂಟೆ? ಬಾಗಿಲಿಗೆ ಬಂದ ಜಂಗಮನಿಗೆ, ಕೈಗಡ ಬೇಡಿದ ನೆರೆಯವನಿಗೆ, ಹಸಿದ ದಾರಿಗನಿಗೆ ಈ ಮಾತು ಸುಲಭವಾಗಿ ಹೊರಡುತ್ತದೆ. ಅದರ ಅರ್ಥವನ್ನು ವಿಚಾರಿಸುವವರು ವಿರಳ.

ಕನ್ನಡದಲ್ಲಿ ನಿಷೇಧಕ್ಕೆ ಎರಡು ನುಡಿಗಳಿವೆ. ‘ಇಲ್ಲ’ವು ವಸ್ತುವಿನ ಇರವನ್ನು ನಿರಾಕರಿಸುತ್ತದೆ, ‘ಅಲ್ಲ’ವು ಒಂದನ್ನು ಮತ್ತೊಂದೆಂದು ಬಗೆಯುವ ಭ್ರಮೆಯನ್ನು ನಿರಾಕರಿಸುತ್ತದೆ. ಮನೆಯಲ್ಲಿ ಹಾಲಿಲ್ಲ, ಸುಣ್ಣದ ನೀರು ಹಾಲಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಇವೆರಡಕ್ಕೂ ‘ನೋ’ ಎಂಬುದೊಂದೇ ನುಡಿ. ಆದರೆ ‘ಏನೂ ಇಲ್ಲ’ವೆನ್ನಲು ಅವರು ಬಳಸುವ ‘ನಾದಾ’ ಎಂಬ ಪದದ ಕಥೆ ಸೋಜಿಗದ್ದು. ಅದರ ಲ್ಯಾಟಿನ್ ಮೂಲಕ್ಕೆ ‘ಹುಟ್ಟಿದ ವಸ್ತು’ ಎಂದರ್ಥ. ‘ಹುಟ್ಟಿದ ವಸ್ತುವೊಂದೂ ಇಲ್ಲ’ವೆಂದು ಬಳಸಿ ಬಳಸಿ, ಕಡೆಗೆ ಆ ಪದವೇ ಇಲ್ಲದಿರುವಿಕೆಯ ಹೆಸರಾಯಿತು. ಸ್ಪೇನಿನ ಅನುಭಾವಿ ಸಂತ ಹುವಾನ್ (1542–1591) ದೇವರೆಡೆಗೆ ಏರುವ ತ್ಯಾಗದ ಹಾದಿಯನ್ನು ಇದೇ ಪದದಿಂದ ಗುರುತಿಸಿದನು.

ದೂರದ ನಾಡಿನ ಮಾತು ನಮಗೇಕೆ? ನಮ್ಮ ಶರಣರೂ ಇದೇ ಹಾದಿಯನ್ನು ನಡೆದರು. ಅಲ್ಲಮಪ್ರಭುಗಳ ಅನುಭಾವದ ಸುತ್ತ ಶರಣರ ಸಂವಾದಗಳನ್ನು ಹವಣಿಸಿದ ಶಿವಗಣಪ್ರಸಾದಿ ಮಹಾದೇವಯ್ಯನವರು 15ನೆಯ ಶತಮಾನದಲ್ಲಿ ತಮ್ಮ ಕೃತಿಗೆ ‘ಶೂನ್ಯಸಂಪಾದನೆ’ಯೆಂದು ಹೆಸರಿಟ್ಟರು. ಶೂನ್ಯವನ್ನು ಸಂಪಾದಿಸುವುದುಂಟೆ? ಉಂಟು. ದೇಹವು ನಾನಲ್ಲ, ಧನವು ನನ್ನದಲ್ಲವೆಂದು ಕಳೆಯುತ್ತ ಹೋದ ಮೇಲೆ ಉಳಿಯುವ ನಿಲವೇ ಆ ಸಂಪತ್ತು. ಶರಣರು ಅದನ್ನು ‘ಬಯಲು’ ಎಂಬ ಹಳ್ಳಿಯ ಮಾತಿನಿಂದಲೇ ಕರೆದರು.

ಆ ಮಾತಿಗೆ ತೆರಹಾದ ನೆಲವೆಂಬ ಅರ್ಥವೂ ಇದೆಯಷ್ಟೆ. ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲಿನ ಬಯಲನ್ನು ಕಂಡ ದಾರಿಹೋಕನು ‘ಇಲ್ಲಿ ಏನೂ ಇಲ್ಲ’ವೆನ್ನುವನು; ಕುರಿಗಾಹಿಯಾದರೋ ಹುಲ್ಲನ್ನು ಕಾಣುವನು. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದವು ಇಂತಹ ಕಾವಲುಗಳು. 2010ರ ಸುಮಾರಿಗೆ ಈ ಸೀಮೆಯ ಕಾವಲುಗಳ ಸಾವಿರಾರು ಎಕರೆ ನೆಲ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಸಂದಾಗ, ಬರಿದೆಂದು ತೋರಿದ ಬಯಲು ತಮಗೆ ಅನ್ನವಾಗಿತ್ತೆಂದು ಹಳ್ಳಿಗರು ಅಳಲಿದರು.

ಪರರ ಬಾಳನ್ನು ‘ಇಲ್ಲ’ವೆನ್ನುವುದು ಕುರುಡು, ತನ್ನ ಅಹಂಕಾರವನ್ನು ‘ಅಲ್ಲ’ವೆನ್ನುವುದು ಅರಿವು. ಹಗೇವಿನಲ್ಲಿ ರಾಗಿಯನ್ನಿಟ್ಟುಕೊಂಡು ಹಸಿದವನ ಮುಂದೆ ‘ಎಲ್ಲವೂ ಬಯಲು’ ಎಂದು ನುಡಿಯುವುದು ಲೋಭಕ್ಕೆ ಹೊದಿಸಿದ ವೇದಾಂತವೇ ಸರಿ. ಆದುದರಿಂದ ಗೃಹಸ್ಥನಾದವನು ‘ಇಲ್ಲ’ವೆನ್ನುವ ಮುನ್ನ ‘ಇದು ನನ್ನದಲ್ಲ’ವೆಂಬುದನ್ನು ಒಮ್ಮೆ ನೆನೆಯಲಿ. ಆಗ ಕೊಡುವ ಕೈ ತಾನಾಗಿ ತೆರೆಯುವುದು.